ಎರಡನೇ ಕಣ್ಣು

ನವೆಂಬರ್ 3, ಬೆಳಿಗ್ಗೆ

ಬೆಳಗಿನ ಕಾಫಿ, ಬೆಳಗಿನ ಸುಳ್ಳು. ಎರಡನ್ನೂ ಬಿಸಿ ಇರುವಾಗಲೇ ಮುಗಿಸಬೇಕು. ಇವತ್ತಿನದು: ದಿನಾ ಒಂದು ಲೋಟ ಶೇಂಗಾ ಎಣ್ಣೆ ಕುಡಿದರೆ ಸಕ್ಕರೆ ಕಾಯಿಲೆ ಮಂಗಮಾಯ. ಎಣ್ಣೆ ಮಿಲ್ಲುಗಳ ಊರು ನಮ್ಮ ಚಳ್ಳಕೆರೆ — ಇಂಥ ಸುಳ್ಳು ಇಲ್ಲಿ ಜಾರಿಕೊಂಡೇ ಓಡಾಡುತ್ತದೆ. ಡಾಕ್ಟರನ್ನು ಕೇಳಿ ಬರೆದೆ. ತಲೆಬರಹ: ‘ಎಣ್ಣೆ ಹಾಕಿದವರ ಮಾತು ನಂಬಬೇಡಿ’. ಒಬ್ಬನೇ ನಕ್ಕೆ. ಎರಡನೇ ಕಣ್ಣಿಗೆ ಕಳಿಸಿದೆ.

ನಿಯಮ ಅದು. ಮೊಬೈಲಿನಲ್ಲಿ ಹರಡುವ ಸುಳ್ಳು ಹಿಡಿಯಲು ಸರ್ಕಾರ ದುಡ್ಡು ಕೊಟ್ಟು ತಾಲ್ಲೂಕಿಗೊಂದು ಕೇಂದ್ರ ಮಾಡಿದೆ. ಚಳ್ಳಕೆರೆಗೆ ನಾನು, ತಿಪ್ಪೇರುದ್ರ — ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ವರ್ಷಗಟ್ಟಲೆ ಅತಿಥಿ, ಊಟಕ್ಕೆ ಮಾತ್ರ ಯಾರೂ ಕರೆದಿಲ್ಲ. ಮೊಳಕಾಲ್ಮೂರಿಗೆ ವಾಣಿಶ್ರೀ — ಎಂ.ಎ.ಯಲ್ಲಿ ನನ್ನ ಪಕ್ಕದ ಬೆಂಚು. ಒಂದು ಕೇಂದ್ರದ್ದನ್ನು ಇನ್ನೊಂದು ಕೇಂದ್ರ ನೋಡಿ ‘ಸರಿ’ ಒತ್ತುವವರೆಗೆ ಅದು ಜನರ ಫೋನಿಗೆ ಹೋಗುವಂತಿಲ್ಲ. ಅದೇ ಎರಡನೇ ಕಣ್ಣು.

ಕಾಫಿ ಆರುವ ಮೊದಲೇ ಒತ್ತಿದ್ದಾಳೆ. ಜೊತೆಗೊಂದು ಮೆಸೇಜು: ‘ತಲೆಬರಹ ಸೂಪರ್ ಕಣೋ. ಸಕ್ಕರೆ ಕಾಯಿಲೆ ಇರೋರಿಗೆ ಅರ್ಥ ಆಗ್ತೈತಾ?’

ಹೂವಿನ ಹಾರ. ಒಳಗೆ ಗುಂಡುಪಿನ್ನು.

ನವೆಂಬರ್ 7

ಚಿತ್ರದುರ್ಗದಲ್ಲಿ ಸಭೆ. ಸಂಯೋಜಕರು ಚಿಕ್ಕಬಸಪ್ಪನವರು ಮೊದಲು ಬಿಸ್ಕತ್ತು ಕೊಟ್ಟರು, ಆಮೇಲೆ ಸುದ್ದಿ ಕೊಟ್ಟರು.

“ಅನುದಾನ ಇಳಿಸ್ಯಾರೆ ಕಣ್ರಪ್ಪ. ಏಪ್ರಿಲ್ಲಿಂದ ನಿಮ್ಮ ಎರಡು ತಾಲ್ಲೂಕಿಗೂ ಸೇರಿ ಒಂದೇ ಕೇಂದ್ರ. ಯಾರ ಮಾತು ಜನಕ್ಕೆ ಬೇಗ ಮುಟ್ತೈತೋ ಅವರ್ದು.”

ಹೇಳಿದವರೇ ಮೊಬೈಲ್ ಎತ್ತಿ ಎಲ್ಲರಿಗೂ ಕೇಳಿಸಿದ್ದು ಯಾರದನ್ನು? ವಾಣಿಯದನ್ನು. ಅವಳು ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. ಅರ್ಧ ಕನ್ನಡ, ಅರ್ಧ ತೆಲುಗು, ಮೇಲೆ ಗಡಿ ಊರಿನ ಒಗ್ಗರಣೆ. ಸಭೆ ನಕ್ಕಿತು. ಚಪ್ಪಾಳೆ ಬೇರೆ. ನನ್ನ ತಲೆಬರಹಗಳ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ತಲೆಬರಹವಲ್ಲ ಅದು, ಹಣೆಬರಹ.

ವಾಪಸು ಬರುವಾಗ ಒಂದೇ ಬಸ್ಸು. ಕಿಟಕಿ ಸೀಟು ನನಗೇ ಬಿಟ್ಟಳು.

“ಯಾಕೋ ಮುಖ ಹುಣಸೆಹಣ್ಣು ಮಾಡ್ಕಂಡೀಯ?”

“ಸ್ಟಾರ್ ಪಕ್ಕ ಕೂತ್ಕಂಡೀನಲ್ಲ, ಕಣ್ಣು ಕುಕ್ತೈತೆ.”

“ಥೂ, ಹೋಗೋ! ಕೇಂದ್ರ ಯಾರಿಗಾದ್ರೂ ಬರ್ಲಿ, ಇಬ್ರೂ ಸೇರ್ಕಂಡೇ ಮಾಡಾಣ ಬಿಡು.”

ಗೆಲ್ಲುತ್ತೇನೆಂದು ಗೊತ್ತಿರುವವರ ಔದಾರ್ಯ. ಕೇಂದ್ರ ಹೋದರೆ ಅವಳಿಗೆ ಕೇಬಲ್ ಚಾನಲ್ಲಿನ ಕೆಲಸವಿದೆ, ಊರೆಲ್ಲ ಕೇಳುವ ದನಿಯಿದೆ. ನನಗೆ? ಬಾಗಿಲ ಮೇಲೆ ನನ್ನ ಹೆಸರಿರುವುದು ಆ ಒಂದು ಕೋಣೆಗೆ. ಅದೂ ಹೋದರೆ ಎಲ್ಲ ಕಡೆಯೂ ಅತಿಥಿ.

ನವೆಂಬರ್ 10

ಅಡುಗೆಮನೆಯಲ್ಲಿ ವಾಣಿಯ ದನಿ. ಬೆಚ್ಚಿಬಿದ್ದೆ. ಮಾಲಾ ರೊಟ್ಟಿ ಬಡಿಯುತ್ತಾ ಅವಳ ಆಡಿಯೊ ಕೇಳುತ್ತಿದ್ದಳು. ಸ್ವಂತ ಹೆಂಡತಿ!

“ನಾನು ಬರ್ದಿದ್ದು ಓದಿದ್ಯೇನೇ?”

“ಓದಾಕೆ ಕೈಯಾಗೆ ಹಿಟ್ಟೈತಲ್ರಿ. ಆಯಮ್ಮಂದಾದ್ರೆ ಕಿವಿಗೆ ಬೀಳ್ತೈತೆ.”

ಹೊಟ್ಟೆಕಿಚ್ಚಿನಲ್ಲಿ ರೊಟ್ಟಿ ಬೇಯುವಂತಿದ್ದರೆ ನಮ್ಮ ಮನೆಗೆ ಸಿಲಿಂಡರೇ ಬೇಡ.

ನವೆಂಬರ್ 13, ಬೆಳಿಗ್ಗೆ

ಕಾಲೇಜಿಗೆ ಹೊರಡುವಷ್ಟರಲ್ಲಿ ವಾಣಿಯದು ಬಂತು. ಕಂಬಳಿ ಮಾರುವವರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ಗಂಟಿನಲ್ಲಿ ಕೂಸು ಕಟ್ಟಿಕೊಂಡು ಹೋಗುತ್ತಾರೆ — ಹೀಗೊಂದು ಸುದ್ದಿ, ಜೊತೆಗೆ ಫೋಟೊ. ಫೋಟೊ ಬೇರೆ ರಾಜ್ಯದ್ದು, ಪೊಲೀಸರ ಹಳೆಯ ಅಣಕು ಪ್ರದರ್ಶನ. ಮೂಲ ವಿಡಿಯೊ ಹುಡುಕಿದ್ದಾಳೆ. ಠಾಣೆಗೂ ಕೇಳಿದ್ದಾಳೆ, ಈ ಕಡೆ ಯಾವ ಮಗುವೂ ಕಾಣೆಯಾಗಿಲ್ಲ. ಆಡಿಯೊ ಸಿದ್ಧ. ‘ಬೇಗ ಒತ್ತೋ. ನಮ್ ರಾಂಪುರದ ಕಡೆ ಭಾಳ ಓಡಾಡ್ತೈತೆ.’

ಎರಡು ಸಲ ಕೇಳಿದೆ. ಅಕ್ಕಿಯಲ್ಲಿ ಒಂದು ಕಲ್ಲಾದರೂ ಸಿಗಬಾರದೇ? ಸಿಗಲಿಲ್ಲ.

ಆದರೆ ಕಂಬಳಿಯವರು ನಮ್ಮ ಕಡೆಯವರು. ಚಳ್ಳಕೆರೆಯ ಕಂಬಳಿಗೆ ಮೊಳಕಾಲ್ಮೂರಿನ ರೇಷ್ಮೆ ಸೆರಗೇಕೆ? ನಾನೇ ಬರೆಯುತ್ತೇನೆ. ನನ್ನದು ಮೊದಲು ಹೋಗಲಿ. ಅವಳದಕ್ಕೆ ‘ಪರಿಶೀಲನೆಯಲ್ಲಿದೆ’ ಒತ್ತಿದೆ.

ಅದೇ ದಿನ, ಊಟದ ಹೊತ್ತು

ತಲೆಬರಹ ಕೂರುತ್ತಿಲ್ಲ. ‘ಕಂಬಳಿಯೊಳಗೆ ಕಂದನಿಲ್ಲ’ — ಚಪ್ಪೆ. ‘ಗಂಟಿನಲ್ಲಿ ಗುಟ್ಟಿಲ್ಲ’ — ಜಾಹೀರಾತಿನ ಹಾಗಿದೆ. ಎರಡು ಕ್ಲಾಸಿನಲ್ಲೂ ಇದೇ ಯೋಚನೆ. ವಾಣಿಯ ಮಿಸ್ಡ್ ಕಾಲ್, ಒಂದರ ಮೇಲೊಂದು. ಕಾಯಲಿ.

ಸಿಕ್ಕಿತು! ‘ಸುಳ್ಳಿಗೆ ಕಂಬಳಿ ಹೊದಿಸಬೇಡಿ.’ ಇನ್ನು ಕಳಿಸುವುದೊಂದೇ ಬಾಕಿ—

ಸಂಜೆ

ಕಳಿಸಲಿಲ್ಲ. ಅಷ್ಟರಲ್ಲಿ ವಿಡಿಯೊ ಬಂತು.

ರಾಂಪುರ. ಕಂಬಕ್ಕೆ ಕಟ್ಟಿದ ಮುದುಕ. ನೆಲದಲ್ಲಿ ಬಿಚ್ಚಿ ಚೆಲ್ಲಿದ ಕಂಬಳಿಗಳು. ಮುದುಕನಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತವಳು ವಾಣಿ. ಯಾರೂ ‘ಸರಿ’ ಒತ್ತದ ಮಾತನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದಳು, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ.

ಮಾಲಾ ನನ್ನ ಭುಜದ ಮೇಲಿಂದ ನೋಡಿದಳು.

“ಅಯ್ಯೋ, ಕ್ಯಾತಣ್ಣ ಕಣ್ರಿ! ಪ್ರತಿ ವರ್ಷ ನಮ್ ಬೀದಿಗೆ ಬರ್ತಾನಲ್ಲ, ನೀವು ಹೊದ್ಕಂಡ್ ಮಲಗೋದು ಅವನ ಕಂಬ್ಳೀನೇ!”

ಆಮೇಲೆ ವಾಣಿಯ ಫೋನು. ದನಿ ಪೂರ್ತಿ ಕೂತುಹೋಗಿತ್ತು.

“ಕೈ ಮುರ್ದಾರೆ ಕಣೋ. ಉಳ್ಕಂಡ. ನೀನ್ಯಾಕೋ ಒತ್ತಲಿಲ್ಲ?”

“ಸಿಗ್ನಲ್ ಇರಲಿಲ್ಲ ಕಣೇ. ಬೆಳಿಗ್ಗೆಯಿಂದಲೂ.”

ಅದೆಷ್ಟು ಸಲೀಸಾಗಿ ಬಂತು. ಯೋಚಿಸಬೇಕಾಗಲೇ ಇಲ್ಲ.

“ಹೌದಾ… ಇರ್ಲಿ ಬಿಡು.”

ನವೆಂಬರ್ 15

ಮೊಳಕಾಲ್ಮೂರು ಆಸ್ಪತ್ರೆ. ಮಾಲಾ ಎಳೆದುಕೊಂಡು ಹೋದಳು. ಕ್ಯಾತಣ್ಣನ ಬಲಗೈಗೆ ಪ್ಲಾಸ್ಟರು.

“ಹೊಡ್ತ ತಿಂದಿದ್ದು ಹೋಗ್ಲಿ ಸಾಮಿ. ನನ್ನ ಗಂಟು ಬಿಚ್ಚಿ ಕೂಸು ಹುಡುಕಿದ್ರು ನೋಡ್ರಿ… ಅಲ್ಲೊಂದು ಮಗು ಇತ್ತು, ನನ್ ಮೊಮ್ಮಗಳಷ್ಟು. ನನ್ನ ನೋಡಿ ಅವರವ್ವನ ಸೆರಗಾಗೆ ಮುಖ ಮುಚ್ಕಂತು. ಇನ್ಯಾವ ಬೀದ್ಯಾಗೆ ಕಂಬ್ಳಿ ಅಂತ ಕೂಗ್ಲಿ ನಾನು?”

ವಾಣಿ ಬಂದಳು, ಹಣೆಗೆ ಬ್ಯಾಂಡೇಜು. ನರ್ಸಮ್ಮ ಓಡಿಬಂದು “ಮೇಡಂ, ಒಂದ್ ಸೆಲ್ಫಿ” ಅಂದರು.

ಆಗಲೂ — ಆಗಲೂ! — ನನ್ನನ್ನು ಯಾರೂ ಸೆಲ್ಫಿ ಕೇಳಿಲ್ಲವಲ್ಲ ಎಂದು ಲೆಕ್ಕ ಹಾಕಿದೆ. ಎಂಥ ಜಾತಿಯ ಪ್ರಾಣಿ ನಾನು?

ನವೆಂಬರ್ 22

ವಾರದಿಂದ ಏನೂ ಬರೆದಿಲ್ಲ. ತಮಾಷೆ ಹುಟ್ಟುತ್ತಿಲ್ಲ. ತಮಾಷೆಯಿಲ್ಲದೆ ಬರೆಯುವುದು ಗೊತ್ತಿಲ್ಲ.

ಚಿಕ್ಕಬಸಪ್ಪನವರ ಫೋನು. “ಆ ಆಡಿಯೊ ಯಾಕೆ ಹೊತ್ತಿಗೆ ಸರಿಯಾಗಿ ಹೋಗ್ಲಿಲ್ಲ ಅಂತ ಮೇಲಿನೋರು ಕೇಳ್ತಾವ್ರೆ. ವಾಣಿಯಮ್ಮ ವರದಿ ಬರೀತಾರೆ, ನೀವು ನೋಡಿ ಒತ್ರಿ. ಯಾರ ಕಡೆ ತಪ್ಪೈತೋ ಆ ಕೇಂದ್ರ ಈಗ್ಲೇ ಬಂದ್.”

ನವೆಂಬರ್ 23, ಮಧ್ಯಾಹ್ನ

ಬಂತು. ಚುಟುಕಾಗಿದೆ. ‘ಅಂದು ಚಳ್ಳಕೆರೆಯಲ್ಲಿ ಸಿಗ್ನಲ್ ಇರಲಿಲ್ಲ. ಹಾಗಾಗಿ ತಡವಾಯಿತು. ಆ ಕೇಂದ್ರದ ತಪ್ಪಿಲ್ಲ.’ ಕೆಳಗೆ ನನಗೊಂದು ಸಾಲು: ‘ನೀನು ಹೇಳಿದ್ದನ್ನೇ ಬರ್ದೀನಿ ಕಣೋ. ನೋಡಿ ಒತ್ತು.’

ಅವಳಿಗೆ ಗೊತ್ತೇ? ಆವತ್ತು ನಾನು ‘ಪರಿಶೀಲನೆಯಲ್ಲಿದೆ’ ಒತ್ತಿದ್ದು ಅವಳಿಗೆ ಕಂಡಿರಲೇಬೇಕು, ನನ್ನ ಫೋನಿಗೆ ರಿಂಗ್ ಹೋಗುತ್ತಿದ್ದದ್ದೂ ಕೇಳಿಸಿರಲೇಬೇಕು. ಗೊತ್ತಿದ್ದೂ ನನ್ನನ್ನು ಉಳಿಸುತ್ತಿದ್ದಾಳೆಯೇ? ಅಲ್ಲೂ ಅವಳೇ ದೊಡ್ಡವಳಾಗಬೇಕೇ? ಇಲ್ಲ, ಬರೀ ನಂಬಿದ್ದಾಳೆಯೇ? ಅದಾದರೆ ಇನ್ನೂ ಕಷ್ಟ.

‘ಸರಿ’ ಒತ್ತಿದರೆ ಕೋಣೆ ಉಳಿಯುತ್ತದೆ, ಬಾಗಿಲ ಮೇಲೆ ಹೆಸರೂ. ‘ಸುಳ್ಳು’ ಒತ್ತಿದರೆ ಎಲ್ಲವೂ ಅವಳದು, ನನ್ನ ಕೈಯಾರೆ.

ಮಾಲಾ ಊಟಕ್ಕೆ ಕರೆಯುತ್ತಿದ್ದಾಳೆ. “ಬರ್ತೀನಿ” ಅಂದೆ. ಹೋಗಲಿಲ್ಲ.

ಒತ್ತಿದೆ. ‘ಸುಳ್ಳು’.

ಈಗ ಫೋನಿನ ಪರದೆ ಕೇಳುತ್ತಿದೆ: ಹಾಗಾದರೆ ನಿಜ ಏನು? ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ. ತಲೆಬರಹ ಬೇಡ.

ಸಿಗ್ನಲ್ ಇತ್ತು. ಬೆಳಿಗ್ಗೆಯೇ ಕೇಳಿದ್ದೆ, ಎರಡು ಸಲ. ಒತ್ತಲಿಲ್ಲ, ಯಾಕೆಂದರೆ ವಾಣಿಯದಕ್ಕಿಂತ ನನ್ನದು ಮೊದಲು ಹೋಗಬೇಕಿತ್ತು.