ಎಡಗಡೆಯ ಕುತ್ತಿಗೆಗೂ ಬಲಗೈಗೂ ಏನು ಸಂಬಂಧ ಎಂದು ಕೇಳಿದ ಸಾಹೇಬರಿಗೆ

ಉಚಿತ ಶಸ್ತ್ರಚಿಕಿತ್ಸೆಗೆ ಅನುಮತಿ ನೀಡುವ ಮಾನ್ಯ ಅಧಿಕಾರಿಗಳೇ,

ತಾವು ನನ್ನ ಹೆಂಡತಿಯ ಮಾತು ಕಸಿದಿದ್ದೀರಿ. ಬೇರೆ ಕಾಲದಲ್ಲಾಗಿದ್ದರೆ ಇದಕ್ಕಾಗಿ ತಮಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ನಾನೇ ತಮಾಷೆ ಮಾಡುತ್ತಿದ್ದೆ. ಈಗ ಆ ತಮಾಷೆ ಗಂಟಲಲ್ಲೇ ಸಿಕ್ಕಿಕೊಂಡಿದೆ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮಧುಮತಿ ನನ್ನನ್ನು ಬೈಯುವುದರಲ್ಲಿ ಪಳಗಿದವಳು. ದಾಂಡೇಲಿಯಲ್ಲಿ ಕಾರ್ಖಾನೆಯ ಭೋಂಗಾ ಕೂಗುವುದು ತಪ್ಪಿದರೂ ಅವಳ ಬೆಳಗಿನ ಪಾಳಿ ತಪ್ಪುತ್ತಿರಲಿಲ್ಲ. ಒಂದು ದಿನ ಚಪಾತಿ ಲಟ್ಟಿಸುತ್ತ, "ನಿಮಗ ಎಷ್ಟ್ ಸಲ ಹೇಳಬೇಕ್ರಿ, ಹಾಲು" ಎಂದವಳು ಅಲ್ಲಿಗೇ ನಿಂತಳು. ಬಲಗೈಯಿಂದ ಲಟ್ಟಣಿಗೆ ಜಾರಿತು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಮನೆಗೆ ಶಾಂತಿ ಬಂತೆಂದು ನಾನು ನಗುತ್ತಿರುವಾಗಲೇ, "ಉಕ್ಕತೈತಿ ಅಂತ" ಎಂದು ವಾಕ್ಯ ಮುಗಿಸಿದಳು. ಅಷ್ಟರಲ್ಲಿ ಹಾಲು ಒಲೆ ದಾಟಿ ನೆಲ ಮುಟ್ಟಿತ್ತು. ಪಕ್ಕದ ಮನೆಯ ಮಾಗ್ದಲೀನಾಳ ತಾಯಿಗೂ ಹಿಂದೆ ಹೀಗೇ ಆಗಿತ್ತಂತೆ. "ನಕ್ಕೋಂತ ಕುಂದ್ರಬ್ಯಾಡ್ರಿ ಅಣ್ಣಾರ, ಇದು ಹೊಳ್ಳಿ ಬರತೈತಿ. ಇವತ್ತ ದವಾಖಾನಿಗೆ ಹೊಂಡ್ರಿ" ಎಂದು ಅವಳೇ ನಮ್ಮನ್ನು ಬಸ್ಸು ಹತ್ತಿಸಿದಳು.

ಹುಬ್ಬಳ್ಳಿಯ ಡಾಕ್ಟರು ಸ್ಕ್ಯಾನ್ ಮಾಡಿ ತೋರಿಸಿದರು. ಕುತ್ತಿಗೆಯ ಎಡಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕೊಬ್ಬುಗಟ್ಟಿ ಕಿರಿದಾಗಿತ್ತು. ಆ ಕೊಬ್ಬಿನ ಚೂರೊಂದು ಕಿತ್ತು ಮೇಲೆ ಹೋದರೆ ಮೆದುಳಿನ ಎಡಭಾಗಕ್ಕೆ ರಕ್ತ ನಿಲ್ಲುತ್ತದೆ. ಬಲಗೈ ಆಡಿಸುವುದೂ ಮಾತು ಜೋಡಿಸುವುದೂ ಆ ಭಾಗವೇ. ಈ ಸಲ ಚೂರು ಕರಗಿದೆ, ಮುಂದಿನ ಸಲದ ಭರವಸೆಯಿಲ್ಲ, ಬೇಗ ನಾಳ ಸ್ವಚ್ಛ ಮಾಡಬೇಕು ಎಂದು ತಮಗೆ ಬರೆದರು.

ತಾವು ಹಿಂದಕ್ಕೆ ಕಳಿಸಿದಿರಿ. ತೊಂದರೆ ಬಲಗೈಯದು, ಶಸ್ತ್ರಚಿಕಿತ್ಸೆ ಎಡಗಡೆಯ ಕುತ್ತಿಗೆಯದು, ಏನು ಸಂಬಂಧ, ತಿದ್ದಿ ಕಳಿಸಿ ಎಂದಿರಿ. ಡಾಕ್ಟರು ಬಿಡಿಸಿ ಹೇಳಿದರು. ಮತ್ತೆ ಅದೇ ಉತ್ತರ. ಆಗ ನಾನೇ ಫೋನ್ ಮಾಡಿ, ತಿದ್ದಬೇಕಾದದ್ದು ಕೈಯೋ ಕುತ್ತಿಗೆಯೋ ಎಂದು ವಿನಯದಿಂದ ವಿಚಾರಿಸಿದೆ. ಮಧುಮತಿ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

"ಯಾವುದಾರ ಒಂದು ತಿದ್ದರಿ. ನಮಗ ಎರಡೂ ಒಂದ ಕಡೆ ಬಂದ್ರ ಸಾಕು" ಎಂದಿರಿ.

ಎಂಥ ಔದಾರ್ಯ! ಹಾಗಾದರೆ ಕೆಟ್ಟ ನಾಳ ಬಿಟ್ಟು ನೆಟ್ಟಗಿರುವ ನಾಳವನ್ನು ಕೊಯ್ಯಿಸಬೇಕಿತ್ತೇ? ಅಥವಾ ಮುಂದಿನ ಸಲ ದಯವಿಟ್ಟು ಎಡಗೈಯನ್ನೇ ಕೆಡವಬೇಕೆಂದು ಮೆದುಳಿಗೆ ಸುತ್ತೋಲೆ ಹೊರಡಿಸಬೇಕಿತ್ತೇ? ಎಡಗಡೆ ಕೂತವರು ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆಂದು ಗಣೇಶಗುಡಿಯ ಹೊಳೆಯಲ್ಲಿ ದೋಣಿ ಹತ್ತಿದ ಪ್ರವಾಸಿಗೂ ಮೊದಲ ಸುಳಿಯಲ್ಲೇ ತಿಳಿಯುತ್ತದೆ. ಕಾಳಿ ನದಿಗೂ ತಾವು ಆಕ್ಷೇಪಣೆ ಬರೆದಿದ್ದೀರಾ?

ಡಾಕ್ಟರು ಮತ್ತೊಮ್ಮೆ ಬರೆಯುತ್ತಿರುವಾಗಲೇ ಇನ್ನೊಂದು ಚೂರು ಹೊರಟಿತು. ಸಂತೆಯಲ್ಲಿ ಮೆಣಸಿನಕಾಯಿಯವಳೊಡನೆ ಚೌಕಾಸಿ ಮಾಡುತ್ತಿದ್ದ ಮಧುಮತಿ ಕುಸಿದಳು. ಆ ವಾಕ್ಯ ಇಂದಿಗೂ ಮುಗಿದಿಲ್ಲ. ಅವಳು ವಾರ್ಡಿನಲ್ಲಿ ಮಲಗಿದ ಮೇಲೆ ತಮ್ಮ ಅನುಮತಿ ಬಂತು. ಬಲಗಡೆ ಪೂರ್ತಿ ಬಿದ್ದ ಮೇಲೆ ತಮಗೆ ಎಡಗಡೆ ಕಾಣಿಸಿತೇನೋ. ನಾಳ ಸ್ವಚ್ಛವಾಯಿತು. ಮಾತು ಮಾತ್ರ ಮರಳಲಿಲ್ಲ. ಅವಳ ಬಾಯಲ್ಲಿ ಉಳಿದದ್ದು ಒಂದೇ ಪದ: ಈಗ ನಾನೂ "ಹಾಲು", ಮಾಗ್ದಲೀನಾಳೂ "ಹಾಲು".

ರೋಗಿಗೆ ಹೇಳಲೇಬೇಕೆನಿಸಿದ ಮಾತನ್ನೇ ಮೊದಲು ರೂಢಿ ಮಾಡಿಸಬೇಕೆಂದು ಮಾತು ಕಲಿಸಲು ಬರುವ ರಾಜಶ್ರೀ ಹೇಳಿದರು. ಗಂಡನ ಹೆಸರಿಗೆ ಮಧುಮತಿ ಬೇಡವೆಂದು ತಲೆಯಲ್ಲಾಡಿಸಿದಳು. ದೇವರ ಹೆಸರಿಗೂ ಅಷ್ಟೇ. ಕೊನೆಗೆ ತಮ್ಮ ಮಾತು ಕೇಳಿಸಿದ್ದ ಫೋನಿನತ್ತ ಬೆರಳು ಮಾಡಿದಳು. ಅಂದಿನಿಂದ ತಮ್ಮ ಮಾತೇ ಅವಳ ಪಾಠ. ನಿನ್ನೆ ನಡುನಡುವೆ ಉಸಿರು ತೆಗೆದುಕೊಂಡು ಹೇಳಿದಳು: "ಯಾವು... ದಾರ... ಒಂದು." ಹೇಳಿ, ಎಡಗೈಯಿಂದ ತನ್ನ ಎರಡೂ ಕೆನ್ನೆ ಮುಟ್ಟಿ ತೋರಿಸಿದಳು.

ನನ್ನ ಬೇಡಿಕೆ ಸಣ್ಣದು. ಕೈ, ಕುತ್ತಿಗೆ ಎರಡೂ ಒಂದೇ ಕಡೆ ಇರಬೇಕೆನ್ನುವ ಆ ನಿಯಮವನ್ನು ಇಂದೇ ಹರಿದೆಸೆಯಿರಿ. ಹಳಿಯಾಳ, ಜೋಯಿಡಾ, ಮುಂಡಗೋಡದಿಂದ ಬಂದು ತಮ್ಮ ಮೇಜಿನ ಮೇಲೆ ಕೊಳೆಯುತ್ತಿರುವ ಇಂಥ ಕಡತಗಳಿಗೆ ಸಹಿ ಹಾಕಿರಿ. ಆಮೇಲೆ ನಮ್ಮ ಮನೆಗೆ ಬಂದು ಮಧುಮತಿಯ ಎದುರು ನಿಲ್ಲಿರಿ. ಹೆದರಬೇಡಿ, ಬಲಗೈ ಏಳುವುದಿಲ್ಲ. ಎಡಗೈ ಮಾತ್ರ ಒಂಟಿಯಾಗಿ ಚಪಾತಿ ಲಟ್ಟಿಸಿ ಲಟ್ಟಿಸಿ ಗಟ್ಟಿಯಾಗಿದೆ. ಅವಳ ಎಡಗಡೆಯಿಂದ ಹೊರಟದ್ದು ತಮ್ಮ ಬಲಗೆನ್ನೆಗೆ ಹೇಗೆ ತಲುಪಿತೆಂಬುದು ತಿಳಿದ ಮೇಲೆ, ಬೇಕಾದರೆ ಆಕ್ಷೇಪಣೆ ಬರೆಯಿರಿ.

ಇಂತಿ,
ಅರ್ಧ ಬೈಗುಳಕ್ಕೇ ನಿಂತುಹೋದ ಗಂಡ,
ಮಹಾಂತಪ್ಪ, ದಾಂಡೇಲಿ