ಸ್ಫೂರ್ತಿ ಬರೆಯದೇ ಬಿಟ್ಟ ಪದ

ಇಸಳೂರು, ಶಿರಸಿ
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಪ್ರತಿಭಾ,

ಹೇಗಿದ್ದೀ? ಸೊಂಟದ ನೋವು ಕಡಿಮೆಯಾಯಿತೇ? ರಕ್ತದ ಗುಳಿಗೆ ತಪ್ಪಿಸಬೇಡ, ಅದರ ವಾಸನೆ ನಿನಗೆ ಆಗುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಫೋನ್ ಮಾಡಿದರೆ ನೀನು "ಹೂಂ" ಎಂದು ನಿನ್ನ ಅವ್ವನ ಕೈಗೆ ಕೊಡುತ್ತೀ. ತಪ್ಪು ಎನ್ನುತ್ತಿಲ್ಲ, ನನಗೂ ಫೋನಿನಲ್ಲಿ ಮಾತು ಹೊರಡುವುದಿಲ್ಲ. ಅದಕ್ಕೇ ಮದುವೆಯಾಗಿ ಹತ್ತು ವರ್ಷಕ್ಕೆ ಮೊದಲ ಸಲ ನಿನಗೆ ಪತ್ರ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ. ನಕ್ಕರೂ ಒಳ್ಳೆಯದೇ.

ಇಲ್ಲಿ ಎಲ್ಲ ನಡೆಯುತ್ತಿದೆ. ಒಂಬತ್ತಕ್ಕೆ ಬೈಕ್ ಹತ್ತಿ ಶಿರಸಿಯ ಅಂಗಡಿಗೆ ಹೋಗುತ್ತೇನೆ, ಪಂಪ್ ಬಿಚ್ಚುತ್ತೇನೆ, ಜೋಡಿಸುತ್ತೇನೆ, ಬರುತ್ತೇನೆ. ಹೋದ ವಾರ ಸಿದ್ದಾಪುರದಲ್ಲಿ ಒಂದು ಬಾವಿಯ ಪಂಪ್ ರಿಪೇರಿ ಮಾಡಿ ಬಂದೆ. ಯಾರ ಮನೆಯದು ಎಂದು ಸಂಜೆ ಅವ್ವ ಕೇಳಿದರೆ ನೆನಪಾಗಲಿಲ್ಲ. ಮಗು ಉಸಿರಾಡದೇ ಹುಟ್ಟಿ ಇವತ್ತಿಗೆ ನಲವತ್ತೊಂದು ದಿನ. ಇನ್ನೂ ನನಗೆ ಅಳು ಬಂದಿಲ್ಲ. ಮಗು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ ಎಂದು ನಿನ್ನ ಅವ್ವ ನಿನ್ನನ್ನು ನಂದೊಳ್ಳಿಗೆ ಕರೆದುಕೊಂಡು ಹೋದದ್ದು ಸರಿಯೇ. ತಪ್ಪು ಮಾಡಿದವರು ನಾವು. ನನ್ನ ಅವ್ವ ಆವತ್ತು ಸ್ಫೂರ್ತಿಗೆ, "ನಿನಗ ತಮ್ಮ ಹುಟ್ಟ್ಯಾನವ್ವ, ನಿಮ್ಮವ್ವನ ಕೂಡ ನಂದೊಳ್ಳ್ಯಾಗ ಅದಾನ" ಎಂದುಬಿಟ್ಟಳು. ನೀನೂ ನಾನೂ ಬಾಯಿಬಿಡಲಿಲ್ಲ. ಎಂಟು ವರ್ಷದ ಹುಡುಗಿಗೆ ನಿಜ ಯಾರು ಹೇಳಬೇಕು, ಹೇಗೆ ಹೇಳಬೇಕು ಎಂದು ತಿಳಿಯದೆ ದಿನ ದೂಡುತ್ತ ಬಂದೆ.

ನೀನು ಸ್ಫೂರ್ತಿಗೆ ಮಾಡಿಸುತ್ತಿದ್ದ ಇಂಗ್ಲಿಷ್ ಪದಗಳ ಕೆಲಸ ಈಗ ನನ್ನ ಪಾಲಿಗೆ. ಶನಿವಾರ ಪರಿಮಳಾ ಟೀಚರ್ ಬೋರ್ಡಿನ ಮೇಲೆ ಕೆಲವು ಅಕ್ಷರ ಬರೆಯುತ್ತಾರೆ. ಅವು ಇರುವ ಹತ್ತು ಪದ ಹುಡುಕಿ ಮುಂದೆ ಕನ್ನಡದ ಅರ್ಥ ಬರೆಯಬೇಕು. ಹಿಂದಿನ ವಾರ ಕೊನೆಗೆ ಎಂ, ಬಿ ಬರುವ ಪದಗಳು. ಲ್ಯಾಮ್, ಕೋಮ್, ಥಮ್. ಬಿ ಬರೆಯಬೇಕಂತೆ, ಅನ್ನಬಾರದಂತೆ! ಅದರಲ್ಲೇ ನಮ್ ಎಂದು ಒಂದಿತ್ತು. ಮೊಬೈಲಿನಲ್ಲಿ ನೋಡಿದರೆ ಮರಗಟ್ಟಿದ್ದು, ಜೋಮು ಹಿಡಿದದ್ದು ಎಂದು ಬಂತು. "ಅಂದ್ರ ಹೆಂಗಿರತೈತಿ ಅಪ್ಪಾ?" ಎಂದಳು. ಬಹಳ ಹೊತ್ತು ಕಾಲು ಮಡಚಿ ಕೂತರೆ ಆಗುತ್ತದಲ್ಲ, ಹಾಗೆ ಎಂದೆ.

ಈ ವಾರದ್ದು ಓ, ಟಿ, ಎಚ್, ಇ, ಆರ್. ಐದೂ ಇದೇ ಕ್ರಮದಲ್ಲಿ ಒಟ್ಟಿಗೆ ಬರಬೇಕು. ಮದರ್, ತಾಯಿ. ಅನದರ್, ಇನ್ನೊಂದು. ಬಾದರ್ ಎಂದರೆ ತೊಂದರೆ ಕೊಡು ಎಂದಾಗ ನಿನ್ನ ಮಗಳು ಮೆಲ್ಲಗೆ ಅಜ್ಜಿಯ ಕಡೆ ನೋಡಿದಳು. ಸ್ಮದರ್, ಉಸಿರುಗಟ್ಟಿಸು. ಅದನ್ನು ಬೇಗ ಬೇಗ ಬರೆಸಿ ಮುಂದೆ ಹೋದೆ. ನನ್ನ ಇಂಗ್ಲಿಷ್ ಎಷ್ಟೇ ಹಾಳಾದರೂ ಬ್ರದರ್ ಗೊತ್ತಿಲ್ಲದಷ್ಟಲ್ಲ. ಬೇಕೆಂದೇ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಒಂಬತ್ತು ಪದ ಆದಮೇಲೆ, "ಹತ್ತನೇದು ಆಮ್ಯಾಲೆ ನೆನಪಾಕ್ಕೈತಿ" ಎಂದು ಪುಸ್ತಕ ಮಡಚಿಟ್ಟಳು.

ನಿನ್ನೆ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು. "ಉಳಿದವ್ರೆಲ್ಲ ಮೊದ್ಲು ಬರದಿದ್ದೇ ಬ್ರದರ್. ಇವ್ಳು ನಾ ಹೇಳಿಕೊಟ್ರೂ ಪೆನ್ಸಿಲ್ ಮುಟ್ಲಿಲ್ಲೆ. ಎಂತ ಆಯ್ತು ಮನೇಲಿ?" ಎಂದು ಕೇಳಿದರು. ನಲವತ್ತು ದಿನದಲ್ಲಿ ಹೊರಗಿನವರೊಬ್ಬರಿಗೆ ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಹವಾಮಾನ ಹೇಳುವವರ ಹಾಗೆ ಹೇಳಿ ಮುಗಿಸಿದೆ. ಟೀಚರೇ ಕಣ್ಣೊರೆಸಿಕೊಂಡರು. ನಾನು ಮೇಜಿನ ಮೇಲಿದ್ದ ಚಾಕ್‌ಪೀಸಿನ ಡಬ್ಬಿ ನೋಡುತ್ತ ನಿಂತಿದ್ದೆ.

ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು. ನನ್ನ ಅವ್ವ, "ತಲೀಗೆ ಬಟ್ಟಿ ಕಟ್ಟಿಕೊಂಡಿರು ಅನ್ನು, ಗಾಳಿ ಹೊಗತೈತಿ" ಎಂದು ಇದೀಗ ಒಳಗಿನಿಂದ ಕೂಗಿದಳು. ಅದನ್ನೂ ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನವ,
ಗಿರೀಶ

ತಾ.ಕ.: ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಈ ಪತ್ರ ನಿನಗೆ ಮುಟ್ಟಿಸಲಿರುವ ಚನ್ನಯ್ಯನ ಗಾಡಿ ಯಲ್ಲಾಪುರಕ್ಕೆ ಹೊರಟು ನಿಂತಿದೆ, ಬೇಗ ಬರೆಯುತ್ತೇನೆ. ನಿನ್ನನ್ನು ಕೇಳದೆ ನಿನ್ನೆ ಸಂಜೆ ಸ್ಫೂರ್ತಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ. "ನನಗ ಗೊತ್ತಿತ್ತಪ್ಪಾ. ಆಸ್ಪತ್ರೆಯಿಂದ ಅವ್ವ ನಂದೊಳ್ಳಿಗೆ ಹೊಂಟಾಗ ನಾ ನೋಡೀನಿ, ಯಾರ ಕೈಯಾಗೂ ಪಾಪು ಇರಲಿಲ್ಲ. ಹೇಳಿದ್ರ ಅಜ್ಜಿಗೆ ಬ್ಯಾಸರಾಕ್ಕೈತಿ ಅಂತ ಸುಮ್ನಿದ್ನಿ" ಎಂದಳು. ಆಮೇಲೆ, "ಅವಂಗ ಏನಂತ ಹೆಸರಿಡವ್ರಿದ್ರಿ?" ಎಂದು ಕೇಳಿದಳು. ತೊಟ್ಟಿಲಿಗೆ ಹಾಕುವ ತನಕ ಹೆಸರು ಬಾಯಿಬಿಟ್ಟು ಹೇಳಬಾರದೆಂಬ ನಂಬಿಕೆಯಿಂದ ನೀನು ಅದನ್ನು ನನಗೂ ಹೇಳಿರಲಿಲ್ಲ. ಗಂಡಾದರೆ ಇಡಲು ನಿನ್ನ ಮನಸ್ಸಿನಲ್ಲಿ ಒಂದು ಹೆಸರಿತ್ತು, ಇತ್ತೆಂದು ನನಗೆ ಗೊತ್ತು. ಬಂದು ಹೇಳು ಪ್ರತಿಭಾ. ನನಗೂ ಅವನನ್ನು ಏನೆಂದು ಕರೆದು ಅಳಬೇಕೋ ಗೊತ್ತಾಗುತ್ತಿಲ್ಲ.