ತಣ್ಣೀರು ಮತ್ತು ‘ಪುಟ್ ಅಪ್ ವಿತ್’

ಶೆಪರ್ಟನ್
ಜುಲೈ ೧೯, ಶುಕ್ರವಾರ

ನನ್ನ ಪ್ರೀತಿಯ ಅಮ್ಮ,

ಇಲ್ಲಿನ ಜುಲೈ ಚಳಿಗೆ ಬೆರಳು ಮರಗಟ್ಟಿವೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ತಂಗಿ ಹೇಲಾಲಾಗೆ ಮುಂದಿನ ವರ್ಷ ಇಲ್ಲಿ ಕೆಲಸ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನನ್ನಿಂದ ಆಗಲಿಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಭಾನುವಾರ ಚರ್ಚಿನ ಹಾಡು ಮುಗಿದ ಮೇಲೆ ನಮ್ಮ ಟೊಂಗಾದವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನಲ್ಲ, ಕಾರ್ಮಿಕ ಸಂಘದ ಕರಪತ್ರಗಳೇ ನನ್ನ ಪಠ್ಯ. ತಂಗಿಯಿರುವ ಕೋಣೆಯಲ್ಲಿ ಅಣ್ಣ ಕೂರಬಾರದು, ನೇರ ಮಾತಾಡಬಾರದು ಎಂಬ ನಮ್ಮ ಕಟ್ಟಳೆ ಮೀರದೆ ಸೆಮಿಸಿ ಅಣ್ಣ, ಇಲ್ಲಿ ನಮ್ಮ ಕೆಲಸದ ತಂಡದ ನಾಯಕನಾದರೂ, ಕಿಟಕಿಯಾಚೆ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರುತ್ತಾನೆ. ಈ ವಾರದ ಪಾಠ ‘ಪುಟ್ ಅಪ್ ವಿತ್’. ಇಷ್ಟವಿಲ್ಲದ್ದನ್ನು ಸಹಿಸಿಕೊಂಡು ಹೋಗುವುದಕ್ಕೆ ಇಲ್ಲಿಯವರು ದಿನವಿಡೀ ಬಳಸುವ ಮಾತು. ನೊಣವನ್ನು, ನೆರೆಮನೆಯ ನಾಯಿಯನ್ನು, ಸೋಲುವ ಫುಟ್‌ಬಾಲ್ ತಂಡವನ್ನು ಎಲ್ಲರೂ ಪುಟ್ ಅಪ್ ವಿತ್ ಮಾಡುತ್ತಾರೆ. ನೀವೂ ಒಂದೊಂದು ವಾಕ್ಯ ಹೇಳಿ ಎಂದೆ.

ತೆವಿಟಾ ಮಾವ ಎದ್ದು, “ನಾನು ಹೆಂಡ್ತಿ ಹಾಡನ್ನ ಪುಟ್ ಅಪ್ ವಿತ್ ಮಾಡ್ತೀನಿ” ಎಂದರು.

“ನಿದ್ದೆ ಹೊಡೆಯೋರಿಗೆ ಹಾಡೇನು, ಗಂಟೆ ಬಾರಿಸಿದ್ರೂ ಒಂದೇ” ಎಂದರು ಪಿಸಿಲಾ ಅತ್ತೆ. ಎಲ್ಲರೂ ನಕ್ಕರು. ಆಮೇಲೆ ಅತ್ತೆಯ ಸರದಿ. “ನಾನು ತಣ್ಣೀರು ಸ್ನಾನನ ಪುಟ್ ಅಪ್ ವಿತ್ ಮಾಡ್ತೀನಿ. ಈ ಕೆಮ್ಮನ್ನೂ.”

ಯಾರೂ ನಗಲಿಲ್ಲ. ಗುತ್ತಿಗೆದಾರ ಬ್ರೆಟ್ ಕೊಟ್ಟ ಮನೆಯಲ್ಲಿ ಚಳಿಗಾಲ ಶುರುವಾದಾಗಿನಿಂದ ಗೀಸರ್ ಕೆಟ್ಟಿದೆ. ನಾಳೆಯೇ ಹೋಗಿ ಕೇಳುತ್ತೇನೆ ಎಂದೆ.

ಕಿಟಕಿಯಾಚೆಯಿಂದ ಸೆಮಿಸಿ, “ಅತ್ತೆ, ನಿಮ್ಮ ಟೀಚರಮ್ಮಂಗೆ ಹೇಳಿ, ಮುಂದಿನ ವರ್ಷದ ಪಟ್ಟೀಲಿರೋ ಹೇಲಾಲಾ ಹೆಸರು ಬ್ರೆಟ್ ಕೈಲಿದೆ” ಎಂದ.

“ಅತ್ತೆ, ನಿಮ್ಮ ತಂಡದ ನಾಯಕನಿಗೆ ಹೇಳಿ, ಹೆದರೋರಿಗೆ ಈ ಕ್ಲಾಸಲ್ಲ” ಎಂದೆ ನಾನು.

“ನಂಗೆ ಕೆಮ್ಮೋಕೇ ಉಸಿರಿಲ್ಲ, ನಿಮ್ಮಿಬ್ಬರ ಟಪಾಲು ಬೇರೆ ಹೊರಬೇಕಾ?” ಎಂದರು ಅತ್ತೆ.

ಸೋಮವಾರ ಬೆಳಿಗ್ಗೆ ಬ್ರೆಟ್‌ನ ಆಫೀಸಿಗೆ ಹೋದೆ. ಹಕ್ಕು, ಕಾನೂನು, ಕಾರ್ಮಿಕರ ಘನತೆ, ಕರಪತ್ರದಲ್ಲಿದ್ದುದನ್ನೆಲ್ಲ ಹೇಳಿದೆ. ಅವನು ಚಹಾ ಕುಡಿಯುತ್ತ, “ಇಂಗ್ಲಿಷ್ ಚೆನ್ನಾಗಿದೆ ಕಣಮ್ಮ, ಎಲ್ಲಿ ಕಲಿತೆ?” ಎಂದ. ಅಷ್ಟರಲ್ಲಿ ಸೆಮಿಸಿ ಒಳಗೆ ಬಂದ. ಅಮ್ಮ, ನಾನಿರುವ ಕೋಣೆಗೆ. ನಾನು ಎದ್ದು ಹೊರಡಬೇಕಿತ್ತು. ಅವನು ನನ್ನತ್ತ ನೋಡದೆ ಪಕ್ಕದಲ್ಲಿ ನಿಂತ. ಬ್ರೆಟ್‌ಗೆ ‘ಸರಿ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳದವನು ಒಂದೊಂದೇ ಪದ ಜೋಡಿಸಿ ಹೇಳಿದ: “ನಮ್ಮತ್ತೆ ಕೆಮ್ತಾರೆ. ತಣ್ಣೀರನ್ನ ಇನ್ಮೇಲೆ ಪುಟ್ ಅಪ್ ವಿತ್ ಮಾಡಲ್ಲ. ಇವತ್ತು ಯಾರೂ ಕತ್ತರಿ ಮುಟ್ಟಲ್ಲ.”

ಹೊರಗೆ ನಮ್ಮವರೆಲ್ಲ ಬಸ್ಸಿನಿಂದ ಇಳಿಯದೆ ಕೂತಿದ್ದರು. ರೆಂಬೆ ಕತ್ತರಿಸಬೇಕಿದ್ದ ಪೇರ್ ಮರಗಳು ಕಾಯುತ್ತಿದ್ದವು. ನನ್ನ ಅಷ್ಟೂ ಕರಪತ್ರ ಮಾಡದ್ದನ್ನು ಅವನ ಮೂರು ವಾಕ್ಯ ಮಾಡಿದವು. ಬುಧವಾರ ಹೊಸ ಗೀಸರ್ ಬಂತು. ಅತ್ತೆಯನ್ನು ಡಾಕ್ಟರಿಗೆ ತೋರಿಸಿದ್ದೇವೆ, ಔಷಧ ನಡೆದಿದೆ.

ಹೇಲಾಲಾಳ ಬಗ್ಗೆ ಚಿಂತೆ ಬೇಡ. ಅವಳ ಹೆಸರು ಹಾಗೇ ಇದೆ ಎಂದು ಬ್ರೆಟ್ ನಿನ್ನೆ ಎಲ್ಲರೆದುರು ಹೇಳಿದ. ನಾವು ಗೆದ್ದೆವು, ಅಮ್ಮ.

ಅಪ್ಪನಿಗೂ ಚರ್ಚಿನವರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾತು ಕೇಳದ ಮಗಳು,
ಲೂಸಿಯಾನೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವಳ ಹೆಸರು ಉಳಿಯಬೇಕಾದರೆ ಸೆಮಿಸಿ ಮುಂದಿನ ವರ್ಷದಿಂದ ಇಲ್ಲಿಗೆ ಕೆಲಸಕ್ಕೆ ಬರಬಾರದು ಎಂದನಂತೆ ಬ್ರೆಟ್. ಅಣ್ಣ ಒಪ್ಪಿಕೊಂಡು ಬಂದಿದ್ದಾನೆ, ತೆವಿಟಾ ಮಾವ ಇವತ್ತು ಹೇಳಿದರು. ಹೇಲಾಲಾ ವಿಮಾನ ಹತ್ತುವವರೆಗೆ ಅವಳಿಗೆ ಇದು ತಿಳಿಯಬಾರದು. ತಿಳಿದರೆ ಬರುವುದಿಲ್ಲ ಎಂದುಬಿಡುತ್ತಾಳೆ.